ನಕ್ಷೆಯಲ್ಲಿ ಕೆಂಪು, ನೆಲದಲ್ಲಿ ಏನು?

ಜಲಾನಯನ ಪ್ರದೇಶಗಳ ಮಣ್ಣು ಸವಕಳಿಯನ್ನು ಕಂಪ್ಯೂಟರ್ ಮಾಡೆಲ್‌ಗಳು ಹೇಗೆ ಅಂದಾಜು ಮಾಡುತ್ತವೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುತ್ತಿರುವುದು ಒಂದೇ ಮಾತು: ಈ ಲೆಕ್ಕವನ್ನು ಎಷ್ಟು ನಂಬಬಹುದು? ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ವಿಷಯವೇ ಹಾಗಿದೆ.

ಪ್ರಶ್ನೆ: ಸರ್, ನಾನು ಸಂಶೋಧನಾ ವಿದ್ಯಾರ್ಥಿನಿ. ಒಂದು ಜಲಾನಯನ ಪ್ರದೇಶಕ್ಕೆ ಯುಎಸ್‌ಎಲ್‌ಇ (ಮಣ್ಣು ಸವಕಳಿ ಅಂದಾಜು ಮಾಡುವ ಸೂತ್ರ) ಬಳಸಿ ಜಿಐಎಸ್‌ನಲ್ಲಿ (ಕಂಪ್ಯೂಟರ್ ನಕ್ಷೆಯ ತಂತ್ರಾಂಶದಲ್ಲಿ) ಸವಕಳಿ ನಕ್ಷೆ ಮಾಡಿದ್ದೇನೆ. ಸರಾಸರಿ ವರ್ಷಕ್ಕೆ ಹೆಕ್ಟೇರಿಗೆ 42 ಟನ್ ಬಂದಿದೆ, ಗರಿಷ್ಠ 1,860 ಟನ್. ವ್ಯಾಲಿಡೇಶನ್ (ಉತ್ತರ ಸರಿಯೇ ಅನ್ನುವ ಪರೀಕ್ಷೆ) ಎಲ್ಲಿ ಅಂತ ಗೈಡ್ ಕೇಳುತ್ತಿದ್ದಾರೆ. ಅಕ್ಕಪಕ್ಕದ ಪ್ರದೇಶಗಳ ಮೇಲೆ ಬಂದ ಎರಡು ಪೇಪರ್‌ಗಳಲ್ಲೂ 35ರಿಂದ 50 ಟನ್ ಅಂತಲೇ ಇದೆ. ಇಷ್ಟು ತೋರಿಸಿದರೆ ಸಾಕಲ್ವಾ?

ಉತ್ತರ: ಸಾಲದು. ಆ ಪೇಪರ್‌ಗಳೂ ಅದೇ ಸೂತ್ರ, ಅದೇ ತರಹದ ಉಪಗ್ರಹ ಚಿತ್ರ, 30 ಮೀಟರ್ ಚೌಕಕ್ಕೆ ಒಂದರಂತೆ ಇರುವ ಅದೇ ನೆಲದ ಎತ್ತರದ ಮಾಹಿತಿ ಬಳಸಿದ್ದರೆ ಮೂರೂ ಉತ್ತರ ಹತ್ತಿರ ಹತ್ತಿರ ಬರಲೇಬೇಕು. ಒಂದೇ ಗಡಿಯಾರ ನೋಡಿ ಮೂವರು ಟೈಮ್ ಹೇಳಿದರೆ ಗಡಿಯಾರ ಸರಿಯಿದೆ ಅಂತ ಆಗುವುದಿಲ್ಲ. ನಿಮ್ಮ ಗೈಡ್ ಕೇಳುತ್ತಿರುವುದು ನೆಲದಲ್ಲಿ ಅಳೆದ ಒಂದು ಲೆಕ್ಕವನ್ನು, ಅದೂ ಮಾಡೆಲ್ ಕಟ್ಟುವಾಗ ಬಳಸದೇ ಇದ್ದ ಲೆಕ್ಕವನ್ನು.

ಆದರೆ ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಅದಕ್ಕೆ ಯಾವ ಉಪಕರಣವೂ ಬೇಡ. ಟನ್‌ಗಳನ್ನು ಮಿಲಿಮೀಟರ್ ಮಾಡಿ ನೋಡಿ. ಒಂದು ಹೆಕ್ಟೇರ್ ನೆಲದ ಮೇಲಿಂದ 1 ಮಿಲಿಮೀಟರ್ ಮಣ್ಣು ಹೋದರೆ ಅದು 10 ಘನ ಮೀಟರ್. ಘನ ಮೀಟರಿಗೆ 1.3 ಟನ್ ಹಿಡಿದರೆ 13 ಟನ್. ಅಂದರೆ ನಿಮ್ಮ 42 ಟನ್ ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 3 ಮಿಲಿಮೀಟರ್. ಜಾಸ್ತಿಯೇ, ಆದರೆ ಆಗಬಹುದು. 1,860 ಟನ್ ಅಂದರೆ ವರ್ಷಕ್ಕೆ 14 ಸೆಂಟಿಮೀಟರ್. ಆ ಜಾಗದಲ್ಲಿ 7 ವರ್ಷದಲ್ಲಿ ಒಂದು ಮೀಟರ್ ಮಣ್ಣು ಹೋಗಿರಬೇಕು. ಅಲ್ಲಿ ಹೋಗಿ ನೋಡಿದರೆ ಒಂದೋ ಬಂಡೆ ಇರುತ್ತದೆ, ಇಲ್ಲ ಅದು ಹಳ್ಳದ ಪಾತ್ರವೇ ಆಗಿರುತ್ತದೆ.

ಹಳ್ಳದ ಪಾತ್ರ ಅಂದದ್ದಕ್ಕೆ ಕಾರಣ ಇದೆ. ಯುಎಸ್‌ಎಲ್‌ಇಯಲ್ಲಿ ಐದು ಅಂಶಗಳನ್ನು ಗುಣಿಸುತ್ತೇವೆ: ಮಳೆಯ ಹೊಡೆತ (ಆರ್), ಮಣ್ಣು ಎಷ್ಟು ಸುಲಭಕ್ಕೆ ಕರಗುತ್ತದೆ (ಕೆ), ಇಳಿಜಾರಿನ ಉದ್ದ ಮತ್ತು ಕಡಿದು (ಎಲ್‌ಎಸ್), ಬೆಳೆ ಅಥವಾ ಹಸಿರು ಹೊದಿಕೆ (ಸಿ), ಬದು ಮುಂತಾದ ರಕ್ಷಣೆ (ಪಿ). ಇಳಿಜಾರಿನ ಉದ್ದವನ್ನು ಜಿಐಎಸ್‌ನಲ್ಲಿ ನೀರು ಒಟ್ಟುಗೂಡುವ ಲೆಕ್ಕದಿಂದ ತೆಗೆಯುವವರೇ ಜಾಸ್ತಿ. ಅದಕ್ಕೆ ಮಿತಿ ಹಾಕದೆ ಬಿಟ್ಟರೆ ಹಳ್ಳಕ್ಕೆ ಹತ್ತಿರವಾದಷ್ಟೂ ಉದ್ದ ಏರುತ್ತಾ ಹೋಗುತ್ತದೆ, ಎಲ್‌ಎಸ್ ಆಕಾಶಕ್ಕೆ ಹೋಗುತ್ತದೆ, ಮತ್ತು ಈ ಸೂತ್ರ ಯಾವತ್ತೂ ಲೆಕ್ಕ ಹಾಕಲು ಉದ್ದೇಶಿಸದೇ ಇದ್ದ ಜಾಗದಲ್ಲಿ ಅತಿ ದೊಡ್ಡ ಸಂಖ್ಯೆ ಬಂದು ಕೂರುತ್ತದೆ. ಇಳಿಜಾರಿನಲ್ಲಿ ಹರಡಿ ಹರಿಯುವ ನೀರು ಒಂದು ಕಾಲುವೆಗೆ ಸೇರುವ ತನಕ ಮಾತ್ರ ಈ ಸೂತ್ರದ ಮಾತು. ಹಾಗಾಗಿ ಹಳ್ಳ, ರಸ್ತೆ, ಬಂಡೆ, ನೀರು ನಿಂತ ಜಾಗ ಎಲ್ಲವನ್ನೂ ನಕ್ಷೆಯಿಂದ ತೆಗೆಯಿರಿ. ಉದ್ದಕ್ಕೆ ಮಿತಿ ಹಾಕಿ. ಮತ್ತೆ ಸರಾಸರಿ ನೋಡಿ. 42 ಇದ್ದದ್ದು ಅರ್ಧಕ್ಕೆ ಇಳಿದರೂ ನನಗೆ ಆಶ್ಚರ್ಯ ಇಲ್ಲ, ಯಾಕೆಂದರೆ ಇಂಥ ಲೆಕ್ಕದಲ್ಲಿ ನಕ್ಷೆಯ ಕೆಲವೇ ಕೆಲವು ಚೌಕಗಳು ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತವೆ. ಸರಾಸರಿಯ ಜೊತೆ ಮಧ್ಯದ ಬೆಲೆಯನ್ನೂ (ಎಲ್ಲ ಚೌಕಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವುದನ್ನು) ಬರೆಯಿರಿ. ಎರಡರ ನಡುವೆ ಎಷ್ಟು ಅಂತರ ಇದೆ ಅನ್ನುವುದೇ ಬಹಳ ಹೇಳುತ್ತದೆ.

ಇನ್ನೊಂದು, ದಯವಿಟ್ಟು ಯೂನಿಟ್ ನೋಡಿ. ಹಳೆಯ ಅಮೆರಿಕನ್ ಪದ್ಧತಿಯ ಆರ್ ಅನ್ನು ಮೆಟ್ರಿಕ್ ಮಾಡಲು 17.02ರಿಂದ ಗುಣಿಸಬೇಕು, ಕೆಯನ್ನು 0.1317ರಿಂದ. ಆರ್ ಮೆಟ್ರಿಕ್‌ನಲ್ಲಿದ್ದು ಕೆ ಹಳೆಯ ಪದ್ಧತಿಯಲ್ಲೇ ಉಳಿದಿದ್ದರೆ ನಿಮ್ಮ ಉತ್ತರ ಏಳೂವರೆ ಪಟ್ಟು ಜಾಸ್ತಿ ಬರುತ್ತದೆ. ನಕ್ಷೆಯ ಬಣ್ಣ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನಾನೇ ಒಂದು ವರದಿಯನ್ನು ಪರಿಶೀಲಿಸುವಾಗ ಮೂರನೇ ಸಲ ಓದಿದ ಮೇಲೆ ಇದನ್ನು ಹಿಡಿದೆ. ಅಷ್ಟರಲ್ಲಿ ಆ ಸಂಖ್ಯೆಯ ಮೇಲೆ ಒಂದು ಯೋಜನೆಯ ಅಂದಾಜು ಪಟ್ಟಿಯೇ ತಯಾರಾಗಿತ್ತು.

ಈಗ ವ್ಯಾಲಿಡೇಶನ್ ವಿಷಯ. ಈ ಸೂತ್ರ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅದು ಎಲ್ಲಿ ಕೈಕೊಡುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ. ವಿಶ್‌ಮಯರ್ ಮತ್ತು ಸ್ಮಿತ್ ಅನ್ನುವವರು ಇದನ್ನು ಅಮೆರಿಕದ ಕೃಷಿ ಇಲಾಖೆಯ ಕೈಪಿಡಿಗಳಾಗಿ 1965ರಲ್ಲಿ ಒಮ್ಮೆ, 1978ರಲ್ಲಿ ಮತ್ತೊಮ್ಮೆ ಹೊರತಂದರು. ಅದರ ಹಿಂದೆ 49 ಸ್ಥಳಗಳ ಸಣ್ಣ ಸಣ್ಣ ಪ್ರಯೋಗ ತಾಕುಗಳಿಂದ ಬಂದ 10,000ಕ್ಕೂ ಹೆಚ್ಚು ತಾಕು-ವರ್ಷಗಳ (ಒಂದು ತಾಕಿನ ಒಂದು ವರ್ಷದ ಅಳತೆ ಅಂದರೆ ಒಂದು ತಾಕು-ವರ್ಷ) ಅಳತೆ ಇದೆ. ಎಲ್ಲವನ್ನೂ ಒಂದು ಮಾನಕ ತಾಕಿಗೆ ಹೋಲಿಸಿದರು: 22.13 ಮೀಟರ್ ಉದ್ದ, ಶೇ 9ರ ಇಳಿಜಾರು, ಬೆಳೆ ಇಲ್ಲದೆ ಇಳಿಜಾರಿನ ದಿಕ್ಕಿಗೇ ಉತ್ತ ಬರಿ ನೆಲ. ಅಳತೆ ಇದ್ದ ತಾಕುಗಳ ಇಳಿಜಾರು ಬಹುಮಟ್ಟಿಗೆ ಶೇ 3ರಿಂದ 18ರ ಒಳಗೆ. ನೀವು ಅದನ್ನು ಶೇ 50ರ ಗುಡ್ಡಕ್ಕೆ ಹಾಕಿದರೆ ಸೂತ್ರ ಉತ್ತರ ಕೊಡುತ್ತದೆ, ಆದರೆ ಆ ಉತ್ತರದ ಹಿಂದೆ ಅಳತೆ ಇಲ್ಲ. ಮಳೆ ಅಂಶವೂ ಹಾಗೆಯೇ. ಮೂಲದಲ್ಲಿ ಅದು ಪ್ರತಿ ಮಳೆಯ ಶಕ್ತಿ ಮತ್ತು ಅತಿ ಜೋರಾದ ಅರ್ಧ ಗಂಟೆಯ ತೀವ್ರತೆಯಿಂದ ಬಂದದ್ದು. ವಾರ್ಷಿಕ ಮಳೆಯನ್ನು ಒಂದು ಸರಳ ಸಮೀಕರಣಕ್ಕೆ ಹಾಕಿ ಆರ್ ತೆಗೆದಿದ್ದರೆ, ಆ ಸಮೀಕರಣ ಯಾವ ಹವಾಮಾನದ ಪ್ರದೇಶಕ್ಕೆ ಕಟ್ಟಿದ್ದು ಅಂತ ಹುಡುಕಿ ಬರೆಯಿರಿ. ತಿಂಗಳುಗಟ್ಟಲೆ ಜಿಟಿಜಿಟಿ ಸುರಿದ 900 ಮಿಲಿಮೀಟರ್ ಮಳೆಗೂ ನಾಲ್ಕು ಗುಡುಗು ಮಳೆಯಲ್ಲಿ ಬಂದ 900 ಮಿಲಿಮೀಟರಿಗೂ ಅಂಥ ಸಮೀಕರಣದ ಉತ್ತರ ಒಂದೇ. ಮಣ್ಣಿಗೆ ಎರಡೂ ಒಂದೇ ಅಲ್ಲ.

ನಿಮ್ಮ ಪ್ರದೇಶದಲ್ಲಿ ಹೂಳಿನ ಅಳತೆ ಇರುವ ಒಂದು ಕೆರೆಯೋ ಚೆಕ್ ಡ್ಯಾಮೋ ಇದ್ದರೆ ಅದರಿಂದ ಶುರು ಮಾಡಿ. ಅದೂ ಇಲ್ಲದಿದ್ದರೆ 30–40 ಜಾಗ ಆರಿಸಿಕೊಂಡು ಹೋಗಿ ನೋಡಿ. ನಕ್ಷೆಯಲ್ಲಿ ಯಾವ ಬಣ್ಣ ಇದೆ ಅಂತ ಜೊತೆಗೆ ಒಯ್ಯಬೇಡಿ. ಮೊದಲು ನೆಲ ನೋಡಿ ಬರೆದುಕೊಳ್ಳಿ, ಆಮೇಲೆ ಮನೆಗೆ ಬಂದು ನಕ್ಷೆಯ ಜೊತೆ ಹೋಲಿಸಿ. ಈ ಕ್ರಮ ಬಹಳ ಮುಖ್ಯ. ಬಣ್ಣ ಗೊತ್ತಿದ್ದು ಹೋದರೆ ಕೆಂಪು (ಅಂದರೆ ಸವಕಳಿ ಜಾಸ್ತಿ ಅಂತ ನಕ್ಷೆ ಹೇಳುವ ಬಣ್ಣ) ಇರುವಲ್ಲಿ ಸಣ್ಣ ಗೀರನ್ನೂ ಕೊರಕಲು ಅಂತ ಬರೆಯುತ್ತೀರಿ, ಎಲ್ಲರೂ ಬರೆಯುತ್ತಾರೆ.

ಪ್ರಶ್ನೆ: ನಾನು ರೈತ, ನಮ್ಮ ಜಲಾನಯನ ಸಮಿತಿಯ ಸದಸ್ಯ ಕೂಡ. ಸವಕಳಿ ನಕ್ಷೆಯಲ್ಲಿ ನನ್ನ ಹೊಲ ಪೂರ್ತಿ ಕೆಂಪು. ಹತ್ತು ವರ್ಷದಿಂದ ಬದು ಹಾಕಿ ನೋಡಿಕೊಂಡು ಬಂದಿದ್ದೇನೆ, ಮಣ್ಣು ಹೋಗಿದ್ದು ನಾನು ಕಂಡಿಲ್ಲ. ನಕ್ಷೆ ಮಾಡಿದವರು ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ. ಯಾರನ್ನು ನಂಬುವುದು?

ಉತ್ತರ: ಅಣ್ಣಾ, ನಿಮ್ಮ ಕಣ್ಣಿಗೆ ಕಂಡದ್ದೂ ಒಂದು ಅಳತೆಯೇ. ಅದನ್ನು ಯಾರೂ ತಳ್ಳಿಹಾಕುವಂತಿಲ್ಲ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ನಿಜ, ಆದರೆ ಅದಕ್ಕೆ ನಿಮ್ಮ ಬದು ಕಂಡೇ ಇಲ್ಲ. 30 ಮೀಟರ್ ಉದ್ದ, 30 ಮೀಟರ್ ಅಗಲದ ಚೌಕ ಅಂದರೆ 900 ಚದರ ಮೀಟರಿಗೆ ಎತ್ತರದ ಒಂದೇ ಒಂದು ಸಂಖ್ಯೆ. ಅರ್ಧ ಮೀಟರ್ ಎತ್ತರದ ಬದು ಅದರಲ್ಲಿ ಕರಗಿ ಹೋಗುತ್ತದೆ. ರಕ್ಷಣೆಯ ಅಂಶವಾದ ಪಿಗೆ ಮಾಹಿತಿ ಸಿಗದೆ ಇಡೀ ಪ್ರದೇಶಕ್ಕೆ 1 ಅಂತ ಹಾಕಿಬಿಡುವುದು ಮಾಮೂಲಿ. 1 ಅಂದರೆ ಯಾವ ರಕ್ಷಣೆಯೂ ಇಲ್ಲ ಅಂತ ಅರ್ಥ. ಹತ್ತು ವರ್ಷ ದುಡಿದವನಿಗೂ ಏನೂ ಮಾಡದವನಿಗೂ ಒಂದೇ ಲೆಕ್ಕ, ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಹಸಿರು ಹೊದಿಕೆಯ ಲೆಕ್ಕದಲ್ಲೂ ಇಂಥದ್ದೇ ತೊಂದರೆ ಇದೆ. ಉಪಗ್ರಹ ಚಿತ್ರದಿಂದ ಎನ್‌ಡಿವಿಐ ಅನ್ನುವ ಹಸಿರಿನ ಸೂಚ್ಯಂಕ ತೆಗೆದು ಅದರಿಂದ ಸಿ ಲೆಕ್ಕ ಹಾಕುತ್ತಾರೆ. ಅದಕ್ಕೆ ಕಾಣುವುದು ಹಸಿರು ಎಲೆ ಮಾತ್ರ. ಕೊಯ್ಲಾದ ಮೇಲೆ ಹೊಲದಲ್ಲಿ ಬಿಟ್ಟ ಕೂಳೆ, ಒಣ ಹುಲ್ಲು, ಹೊದಿಸಿದ ಸೊಪ್ಪುಸದೆ ಇವೆಲ್ಲ ಮಳೆಹನಿಯ ಹೊಡೆತವನ್ನು ಚೆನ್ನಾಗಿ ತಡೆಯುತ್ತವೆ, ಆದರೆ ಸೂಚ್ಯಂಕಕ್ಕೆ ಅದು ಬರಿ ನೆಲ. ಚಿತ್ರ ಯಾವ ತಿಂಗಳಿನದು ಅಂತ ಕೇಳಿ. ಬೇಸಿಗೆಯದ್ದಾದರೆ ನಿಮ್ಮ ಹೊಲ ಕೆಂಪಾಗದೆ ಇನ್ನೇನಾಗುತ್ತದೆ?

ಹಾಗಂತ ನಕ್ಷೆಯನ್ನು ಪೂರ್ತಿ ಬಿಡಬೇಡಿ. ತೆಳುವಾಗಿ ಹರಡಿ ಹೋಗುವ ಸವಕಳಿ ಕಣ್ಣಿಗೆ ಬೀಳುವುದು ಕಷ್ಟ. 13 ಟನ್ ಹೋದರೂ ಅದು 1 ಮಿಲಿಮೀಟರ್ ಅಷ್ಟೇ ಅಲ್ವಾ, ಉಳುಮೆ ಮಾಡಿದರೆ ಗುರುತೂ ಉಳಿಯುವುದಿಲ್ಲ. ಅದಕ್ಕೆ ಜೋರು ಮಳೆ ಬಂದ ಮಾರನೇ ದಿನ, ಉಳುವ ಮೊದಲು, ಹೊಲದಲ್ಲಿ ನಡೆಯಿರಿ. ಬದುವಿನ ಮೇಲ್ಬದಿಯಲ್ಲಿ ಹೊಸ ಮಣ್ಣು ಕೂತಿದೆಯಾ? ಗಿಡದ ಬುಡದ ಬೇರು ಹೊರಗೆ ಕಾಣುತ್ತಿದೆಯಾ? ಸಣ್ಣ ಕಲ್ಲುಗಳು ಮಣ್ಣಿನ ಪೀಠದ ಮೇಲೆ ನಿಂತಂತೆ ಇವೆಯಾ? ನೀರು ಕೊರೆದ ಸಣ್ಣ ಗೀರುಗಳಿದ್ದರೆ ಟೇಪ್ ಹಿಡಿದು ಅಳೆಯಿರಿ. ಉದಾಹರಣೆಗೆ 20 ಮೀಟರ್ ಉದ್ದ, 25 ಮೀಟರ್ ಅಗಲದ ಜಾಗದಲ್ಲಿ 10 ಗೀರುಗಳು, ಪ್ರತಿಯೊಂದೂ 20 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಆಳ ಅಂತ ಇಟ್ಟುಕೊಳ್ಳಿ. ಒಟ್ಟು 1 ಘನ ಮೀಟರ್, ಅಂದರೆ 1.3 ಟನ್. ಜಾಗ 500 ಚದರ ಮೀಟರ್, ಹೆಕ್ಟೇರಿನ ಇಪ್ಪತ್ತನೇ ಒಂದು ಭಾಗ. ಹಾಗಾಗಿ ಹೆಕ್ಟೇರಿಗೆ 26 ಟನ್, ಒಂದೇ ಮಳೆಯಲ್ಲಿ. ಈ ಅಳತೆ ಪಕ್ಕಾ ಅಲ್ಲ, ಗೀರುಗಳ ನಡುವಿನ ಜಾಗದಿಂದ ಹೋದದ್ದು ಇದರಲ್ಲಿ ಬರುವುದಿಲ್ಲ. ಆದರೆ ಸಭೆಯಲ್ಲಿ ನಕ್ಷೆಯ ಪಕ್ಕದಲ್ಲಿ ಇಡಬಹುದಾದ, ನೆಲದಿಂದ ಬಂದ ಸಂಖ್ಯೆ ಇದು. ನಿಮ್ಮ ಹೊಲದಲ್ಲಿ ಗೀರೇ ಇಲ್ಲ, ಪಕ್ಕದ ಹಸಿರು ಬಣ್ಣದ ಹೊಲದಲ್ಲಿ ಇದೆ ಅಂತಾದರೆ ಫೋಟೊ ತೆಗೆದು, ದಿನಾಂಕ ಬರೆದು ಅದನ್ನೂ ಇಡಿ. ನಕ್ಷೆ ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಸಹಾಯ ಇಲ್ಲ.

ಪ್ರಶ್ನೆ: ಯುಎಸ್‌ಎಲ್‌ಇ ಹಳೆಯದಾಯಿತು, ವೆಪ್, ಸ್ವಾಟ್ ತರಹದ ಹೊಸ ಮಾಡೆಲ್ ಬಳಸಿದರೆ ಜಾಸ್ತಿ ನಂಬಬಹುದಾ?

ಉತ್ತರ: ಹೊಸದು ಅನ್ನುವ ಕಾರಣಕ್ಕೆ ಅಲ್ಲ. ವೆಪ್ 1995ರಲ್ಲಿ ಬಂತು. ಮಳೆ, ನೀರು ಇಂಗುವುದು, ಹರಿಯುವುದು, ಮಣ್ಣು ಬಿಡುವುದು, ಕೂರುವುದು ಎಲ್ಲವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತದೆ. ಮಣ್ಣು ಎಲ್ಲಿ ಕೂರುತ್ತದೆ, ಒಂದು ದೊಡ್ಡ ಮಳೆಗೆ ಏನಾಗುತ್ತದೆ ಅನ್ನುವ ಪ್ರಶ್ನೆಗಳಿಗೆ ಅಂಥದ್ದು ಬೇಕೇ ಬೇಕು, ಯುಎಸ್‌ಎಲ್‌ಇ ಅವಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಆದರೆ ಅಮೆರಿಕದ ತಾಕುಗಳ ಅಳತೆಯ ಜೊತೆ ಇವನ್ನು ಹೋಲಿಸಿ ನೋಡಿದಾಗ ವಾರ್ಷಿಕ ಸರಾಸರಿಯ ವಿಷಯದಲ್ಲಿ ವೆಪ್ ಹಳೆಯ ಸೂತ್ರವನ್ನು ಮೀರಿಸಲಿಲ್ಲ. ಆ ಸೂತ್ರ ಅದೇ ತರಹದ ತಾಕುಗಳಿಂದಲೇ ಹುಟ್ಟಿದ್ದು, ಹಾಗಾಗಿ ಅದಕ್ಕೆ ಅನುಕೂಲ ಜಾಸ್ತಿ ಇತ್ತು ಅನ್ನುವುದನ್ನೂ ಹೇಳಬೇಕು. ಸ್ವಾಟ್ ಇಡೀ ಜಲಾನಯನದ ನೀರು, ಹೂಳಿನ ಲೆಕ್ಕ ಹಾಕುವ ಮಾಡೆಲ್; ಅದರ ಒಳಗೆ ಮಣ್ಣಿನ ಲೆಕ್ಕ ಮಾಡುವುದು 1975ರಲ್ಲಿ ವಿಲಿಯಮ್ಸ್ ತಂದ ಮಾರ್ಪಟ್ಟ ಯುಎಸ್‌ಎಲ್‌ಇಯೇ. ಮಳೆಯ ಅಂಶದ ಬದಲು ಹರಿದ ನೀರಿನ ಪ್ರಮಾಣ ಮತ್ತು ಅದರ ಗರಿಷ್ಠ ರಭಸ ಅಲ್ಲಿ ಬರುತ್ತದೆ, ಉಳಿದ ಅಂಶಗಳು ಅವೇ. ಸಿ ತಪ್ಪಿದ್ದರೆ ಅಲ್ಲೂ ತಪ್ಪೇ.

ಮತ್ತೆ, ತಿರುಗಿಸುವ ಕೀಲಿಗಳು, ಅಂದರೆ ನಾವೇ ಬದಲಿಸಬಹುದಾದ ಬೆಲೆಗಳು, ಜಾಸ್ತಿಯಾದಷ್ಟೂ ತಪ್ಪು ಕಾರಣಕ್ಕೆ ಸರಿ ಉತ್ತರ ಬರುವ ದಾರಿಗಳೂ ಜಾಸ್ತಿ. ಮಣ್ಣಿಗೆ ನೀರು ಹೆಚ್ಚು ಇಂಗುತ್ತದೆ ಅಂತ ಹಾಕಿ, ಮಣ್ಣು ಸುಲಭಕ್ಕೆ ಕರಗುತ್ತದೆ ಅಂತ ಹಾಕಿದರೂ ಕೊನೆಯ ಉತ್ತರ ಅದೇ. ಎರಡನ್ನೂ ತಿರುಗುಮುರುಗು ಮಾಡಿದರೂ ಅದೇ. ಹೈಡ್ರಾಲಜಿಯಲ್ಲಿ ಕೀತ್ ಬೆವೆನ್ ಇದನ್ನು ಈಕ್ವಿಫೈನಾಲಿಟಿ ಅಂತ ಕರೆದು ದಶಕಗಳಿಂದ ಎಚ್ಚರಿಸುತ್ತಾ ಬಂದಿದ್ದಾರೆ. ನಿಮ್ಮ ಹತ್ತಿರ ಗಂಟೆಗಂಟೆಯ ಮಳೆ, ಹರಿವಿನ ಅಳತೆ, ಮಣ್ಣಿನ ಪರೀಕ್ಷೆ ಇದ್ದರೆ ದೊಡ್ಡ ಮಾಡೆಲ್ ಬಳಸಿ. ಇಲ್ಲದಿದ್ದರೆ ಅದರ ಖಾಲಿ ಜಾಗಗಳನ್ನು ಊಹೆಯಿಂದ ತುಂಬುತ್ತೀರಿ, ಅಷ್ಟೇ.

ಪ್ರಶ್ನೆ: ಮಾಡೆಲ್ ಪ್ರಕಾರ ನಮ್ಮ 1,200 ಹೆಕ್ಟೇರ್ ಪ್ರದೇಶದಿಂದ ವರ್ಷಕ್ಕೆ 14,400 ಟನ್ ಮಣ್ಣು ಹೋಗುತ್ತದೆ. ಕೆಳಗಿನ ಕೆರೆಯಲ್ಲಿ 20 ವರ್ಷದಲ್ಲಿ ಕೂತ ಹೂಳು 60,000 ಘನ ಮೀಟರ್. ಲೆಕ್ಕ ತಾಳೆಯಾಗುತ್ತಿಲ್ಲ. ಮಾಡೆಲ್ ತಪ್ಪಾ, ಕೆರೆ ಅಳತೆ ತಪ್ಪಾ?

ಉತ್ತರ: ಎರಡೂ ಸರಿ ಇರಬಹುದು. ನೀವು ಹೋಲಿಸುತ್ತಿರುವುದು ಎರಡು ಬೇರೆ ಸಂಗತಿಗಳನ್ನು.

ಮೊದಲು ಹೂಳನ್ನು ಟನ್ ಮಾಡೋಣ. ಒಣಗಿದ ಹೂಳು ಘನ ಮೀಟರಿಗೆ 1.2 ಟನ್ ಅಂತ ಹಿಡಿದರೆ 72,000 ಟನ್, ವರ್ಷಕ್ಕೆ 3,600. ನಿಮ್ಮ ಮಾಡೆಲ್‌ನ ಕಾಲು ಭಾಗ. ಈ 1.2 ಅನ್ನೂ ಸುಮ್ನೆ ಹಿಡಿಯಬೇಡಿ, ಹೂಳಿನ ಮಾದರಿ ತೆಗೆದು ಒಣಗಿಸಿ ತೂಗಿ. ನೀರಿನಡಿ ಇರುವ ಹೊಸ ಜೇಡಿ ಹೂಳು ತುಂಬ ಹಗುರ ಇರುತ್ತದೆ, ಬಿಸಿಲಿಗೆ ಒಣಗಿ ಬಿರಿದದ್ದು ಭಾರ. ಕೋಡಿ ಬಿದ್ದ ವರ್ಷಗಳಲ್ಲಿ ನೀರಿನ ಜೊತೆ ನುಣುಪು ಜೇಡಿ ಎಷ್ಟು ಆಚೆ ಹೋಯಿತು ಅನ್ನುವುದನ್ನೂ ಸೇರಿಸಬೇಕು. ನಡುವೆ ಯಾವಾಗಲಾದರೂ ಹೂಳು ತೆಗೆದಿದ್ದರೆ ಅದನ್ನೂ.

ಇಷ್ಟಾದ ಮೇಲೂ ಅಂತರ ಉಳಿಯುತ್ತದೆ, ಉಳಿಯಲೇಬೇಕು. ಯುಎಸ್‌ಎಲ್‌ಇ ಹೇಳುವುದು ಇಳಿಜಾರಿನಲ್ಲಿ ಕಿತ್ತು ಹೊರಟ ಮಣ್ಣಿನ ಲೆಕ್ಕ. ಅದರಲ್ಲಿ ಬಹುಪಾಲು ಕೆರೆಗೆ ಬರುವುದೇ ಇಲ್ಲ. ಇಳಿಜಾರಿನ ಬುಡದಲ್ಲಿ, ಬೇಲಿಯ ಅಂಚಿನಲ್ಲಿ, ಹಳ್ಳದ ದಂಡೆಯ ತಗ್ಗಿನಲ್ಲಿ ಕೂತುಬಿಡುತ್ತದೆ. ಹೊರಟದ್ದಕ್ಕೂ ತಲುಪಿದ್ದಕ್ಕೂ ಇರುವ ಈ ಅನುಪಾತ ಸಾಮಾನ್ಯವಾಗಿ ಪ್ರದೇಶ ದೊಡ್ಡದಾದಷ್ಟೂ ಇಳಿಯುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ಅಮೆರಿಕದ ವಿಸ್ಕಾನ್ಸಿನ್‌ನ ಕೂನ್ ಕ್ರೀಕ್. 1933ರಲ್ಲಿ ಅಲ್ಲಿ ಆ ದೇಶದ ಮೊದಲ ಜಲಾನಯನ ಸಂರಕ್ಷಣಾ ಪ್ರಾತ್ಯಕ್ಷಿಕೆ ಶುರುವಾಯಿತು. ಸ್ಟ್ಯಾನ್ಲಿ ಟ್ರಿಂಬಲ್ ಅನ್ನುವ ಭೂಗೋಳ ವಿಜ್ಞಾನಿ ಆ ಕಣಿವೆಯ ಮಣ್ಣಿನ ಜಮಾ-ಖರ್ಚನ್ನು ವರ್ಷಗಟ್ಟಲೆ ಅಳೆದು 1999ರಲ್ಲಿ ಪ್ರಕಟಿಸಿದರು. ಮೇಲಿನ ಹೊಲಗಳ ಸವಕಳಿ ಒಂದು ಕಾಲದಲ್ಲಿ ವಿಪರೀತ ಇತ್ತು, ಸಂರಕ್ಷಣೆ ಬಂದ ಮೇಲೆ ಬಹಳ ಇಳಿಯಿತು. ಆದರೆ ಕಣಿವೆಯಿಂದ ಹೊರಗೆ ಮಿಸಿಸಿಪ್ಪಿಗೆ ಹೋಗುತ್ತಿದ್ದ ಹೂಳು ಅಷ್ಟೂ ಕಾಲ ಬಹುತೇಕ ಅಷ್ಟೇ ಇತ್ತು. ಮಧ್ಯದ ಕಣಿವೆಯ ನೆಲ ಒಂದು ಸಲ ಮಣ್ಣನ್ನು ನುಂಗಿ ಇಟ್ಟುಕೊಂಡಿತು, ಇನ್ನೊಂದು ಸಲ ಹೊರಗೆ ಬಿಟ್ಟಿತು. ಹೊರಬಾಗಿಲಲ್ಲಿ ನಿಂತು ಹೂಳು ಮಾತ್ರ ಅಳೆದವರಿಗೆ ಮೇಲೆ ಏನೂ ಬದಲಾಗಿಲ್ಲ ಅಂತಲೇ ಅನ್ನಿಸುತ್ತಿತ್ತು.

ಈಗ ಒಂದು ಮಾತು ಒತ್ತಿ ಹೇಳಬೇಕು. ನೀವು ತಲುಪುವ ಅನುಪಾತವನ್ನು 0.25 ಅಂತ ಇಟ್ಟು, 14,400ಕ್ಕೆ ಗುಣಿಸಿ, 3,600 ಬಂತು, ಕೆರೆಗೆ ತಾಳೆಯಾಯಿತು, ಮಾಡೆಲ್ ದೃಢಪಟ್ಟಿತು ಅಂತ ಬರೆಯುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅಳತೆ ಒಂದೇ ಇದ್ದು, ತಿರುಗಿಸಲು ಒಂದು ಕೀಲಿ ಕೈಯಲ್ಲಿದ್ದರೆ ಯಾವ ಮಾಡೆಲ್ ಬೇಕಾದರೂ ತಾಳೆಯಾಗುತ್ತದೆ. 30,000 ಟನ್ ಬಂದಿದ್ದರೆ 0.12 ಹಾಕುತ್ತಿದ್ದಿರಿ. ಆ 0.25 ಅನ್ನು ಈ ಕೆರೆಯಿಂದ ತೆಗೆದಿದ್ದರೆ, ಪರೀಕ್ಷೆಯನ್ನು ಇನ್ನೊಂದು ಕೆರೆಯಲ್ಲಿ ಮಾಡಿ. ಅಲ್ಲಿ ಅದೇ ಅನುಪಾತ ಬಳಸಿ ಮೊದಲು ಉತ್ತರ ಬರೆದಿಟ್ಟು, ಆಮೇಲೆ ಹೂಳು ಅಳೆಯಿರಿ.

ಹೂಳು ಎಲ್ಲಿಂದ ಬಂತು ಅನ್ನುವುದು ಇನ್ನೊಂದೇ ಪ್ರಶ್ನೆ. ಕೊರಕಲುಗಳು, ಕುಸಿಯುವ ಹಳ್ಳದ ದಂಡೆ ಇವು ಯುಎಸ್‌ಎಲ್‌ಇ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಿಮ್ಮ ಕೆರೆಯ ಹೂಳಿನಲ್ಲಿ ಅರ್ಧ ಕೊರಕಲಿನದ್ದಾಗಿದ್ದರೆ ಹೊಲಗಳಿಂದ ಬಂದದ್ದು ವರ್ಷಕ್ಕೆ 1,800 ಟನ್ ಮಾತ್ರ, ಆಗ ಹೊಲಕ್ಕೆ ಬದು ಹಾಕಿ ಹೂಳು ನಿಲ್ಲಿಸುತ್ತೇವೆ ಅನ್ನುವ ಯೋಜನೆ ಅರ್ಧಕ್ಕೇ ನಿಲ್ಲುತ್ತದೆ. ಮೇಲ್ಮಣ್ಣು, ಕೊರಕಲಿನ ಗೋಡೆ, ಹೂಳು ಮೂರರ ರಾಸಾಯನಿಕ ಗುರುತುಗಳನ್ನು ಹೋಲಿಸಿ ಪಾಲು ಹಚ್ಚುವ ವಿಧಾನ ಇದೆ. ಇದರಲ್ಲಿ ಸೀಸಿಯಂ-137 ಬಹಳ ಉಪಯೋಗಕ್ಕೆ ಬರುತ್ತದೆ. 1950–60ರ ದಶಕಗಳ ಅಣು ಪರೀಕ್ಷೆಗಳಿಂದ ಗಾಳಿಗೆ ಸೇರಿ, ಮಳೆಯ ಜೊತೆ ನೆಲಕ್ಕೆ ಬಿದ್ದು, ಮೇಲ್ಮಣ್ಣಿನ ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಅರ್ಧಾಯುಷ್ಯ ಸುಮಾರು 30 ವರ್ಷ. ಆಳದ ಕೊರಕಲಿನ ಮಣ್ಣಿನಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಹೊಲದಲ್ಲಿ ಅದು ಎಷ್ಟು ಕಡಿಮೆಯಾಗಿದೆ ಅಂತ ನೋಡಿ ಸವಕಳಿಯನ್ನೂ ಅಳೆಯುತ್ತಾರೆ. ಆದರೆ ಅದಕ್ಕೆ ಮಣ್ಣು ಕದಲದ ಒಂದು ಹೋಲಿಕೆಯ ಜಾಗ ಬೇಕು, ಎಲ್ಲ ಕಡೆ ಒಂದೇ ಸಮ ಬಿದ್ದಿತ್ತು ಅಂತ ನಂಬಬೇಕು. ಈ ನಂಬಿಕೆಯನ್ನೇ ಪ್ರಶ್ನಿಸಿದ ವಿಜ್ಞಾನಿಗಳಿದ್ದಾರೆ. ಅಂದರೆ ಮಾಡೆಲ್ ಪರೀಕ್ಷಿಸಲು ಬಳಸುವ ಅಳತೆಗೂ ತನ್ನದೇ ತಪ್ಪಿನ ಅಂಚು ಇದೆ, ಅದನ್ನೂ ಪಕ್ಕದಲ್ಲಿ ಬರೆಯಬೇಕು.

ಪ್ರಶ್ನೆ: ನಮ್ಮ ಸ್ವಾಟ್ ಮಾಡೆಲ್‌ನಲ್ಲಿ ಆರ್ ಸ್ಕ್ವೇರ್ 0.91, ನ್ಯಾಶ್-ಸಟ್‌ಕ್ಲಿಫ್ 0.62 ಬಂದಿದೆ. 0.5ಕ್ಕಿಂತ ಜಾಸ್ತಿ ಇದ್ದರೆ ತೃಪ್ತಿಕರ ಅಂತ ಓದಿದ್ದೇನೆ. ಇನ್ನು ನಿಶ್ಚಿಂತೆಯಾ?

ಉತ್ತರ: ಇವೆರಡೂ ಮಾಡೆಲ್‌ನ ಉತ್ತರ ಅಳತೆಗೆ ಎಷ್ಟು ಹೊಂದುತ್ತದೆ ಅಂತ ಹೇಳುವ ಅಂಕಗಳು, ಎರಡಕ್ಕೂ ಅತಿ ಹೆಚ್ಚು ಅಂದರೆ 1. ನ್ಯಾಶ್-ಸಟ್‌ಕ್ಲಿಫ್‌ಗೆ ಆ 0.5 ಅನ್ನುವುದು 2007ರಲ್ಲಿ ಮೊರಿಯಾಸಿ ಮತ್ತು ಸಂಗಡಿಗರು ಕೊಟ್ಟ ಮಾರ್ಗಸೂಚಿ. ತಿಂಗಳ ಲೆಕ್ಕಕ್ಕೆ ಕೊಟ್ಟದ್ದು. ಅದರ ಜೊತೆಗೇ ಹೂಳಿನ ಒಟ್ಟು ಮೊತ್ತದಲ್ಲಿ ಶೇ 55ರವರೆಗಿನ ಏರುಪೇರನ್ನೂ ಅವರು ತೃಪ್ತಿಕರ ಅಂತ ಒಪ್ಪಿದ್ದಾರೆ. ಅಂದರೆ 100 ಟನ್ ಬಂದಲ್ಲಿ ಮಾಡೆಲ್ 150 ಹೇಳಿದರೂ ಪಾಸ್. ತೃಪ್ತಿಕರ ಅನ್ನುವ ಮಾತಿಗೆ ಇಲ್ಲಿ ಇಷ್ಟು ಸಡಿಲವಾದ ಅರ್ಥ ಇದೆ.

ಆರ್ ಸ್ಕ್ವೇರ್ ನೋಡಿ ಖುಷಿಪಡಬೇಡಿ. ಮಾಡೆಲ್ ಪ್ರತಿ ತಿಂಗಳೂ ಸರಿಯಾಗಿ ಎರಡರಷ್ಟು ಹೇಳುತ್ತಾ ಹೋದರೂ ಆರ್ ಸ್ಕ್ವೇರ್ 1 ಬರುತ್ತದೆ. ಏರಿದಾಗ ಏರಿತಾ, ಇಳಿದಾಗ ಇಳಿಯಿತಾ ಅಂತ ಮಾತ್ರ ಅದು ನೋಡುತ್ತದೆ. ನ್ಯಾಶ್-ಸಟ್‌ಕ್ಲಿಫ್ ಅದಕ್ಕಿಂತ ಕಟ್ಟುನಿಟ್ಟು, ಆದರೆ ವ್ಯತ್ಯಾಸವನ್ನು ವರ್ಗ ಮಾಡುವುದರಿಂದ ಎರಡು ಮೂರು ದೊಡ್ಡ ಮಳೆಗಳೇ ಇಡೀ ಅಂಕವನ್ನು ತೀರ್ಮಾನಿಸುತ್ತವೆ. ಆ ಮಳೆಗಳು ಬಂದ ತಿಂಗಳುಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿ ನೋಡಿ.

ಇನ್ನೂ ಮುಖ್ಯವಾದದ್ದು, 0.62 ಯಾವ ವರ್ಷಗಳಿಗೆ ಬಂದದ್ದು? ಮಾಡೆಲ್‌ನ ಬೆಲೆಗಳನ್ನು ಅಳತೆಗೆ ಹೊಂದಿಸಲು ಬಳಸಿದ ವರ್ಷಗಳಿಗೇ ಆದರೆ ಅದು ಪರೀಕ್ಷೆಯಲ್ಲ. ಅರ್ಧ ವರ್ಷಗಳಿಂದ ಹೊಂದಿಸಿ, ಉಳಿದರ್ಧದಲ್ಲಿ ಪರೀಕ್ಷಿಸಿ. ಹವಾಮಾನ ಬದಲಾದರೆ ಏನಾಗುತ್ತದೆ ಅಂತ ಹೇಳಲು ಈ ಮಾಡೆಲ್ ಬಳಸುವವರಿದ್ದರೆ ಒಣ ವರ್ಷಗಳಿಂದ ಹೊಂದಿಸಿ ಮಳೆ ಜಾಸ್ತಿಯಾದ ವರ್ಷಗಳಲ್ಲಿ ಪರೀಕ್ಷಿಸಬೇಕು. ವಿತ್ ಕ್ಲೆಮೆಶ್ ಇಂಥ ಪರೀಕ್ಷೆಯನ್ನು 1986ರಲ್ಲೇ ಸೂಚಿಸಿದ್ದರು. ಮಾಡುವವರು ಇವತ್ತಿಗೂ ಕಡಿಮೆ.

ನಿಮ್ಮ ಅಳತೆಯ ಹೂಳನ್ನು ಹೇಗೆ ತೆಗೆದದ್ದು ಅಂತಲೂ ಕೇಳಿ. ವಾರಕ್ಕೊಮ್ಮೆ ಬಾಟಲಿಯಲ್ಲಿ ನೀರು ಹಿಡಿದು, ನೀರಿನ ಮಟ್ಟಕ್ಕೂ ಹೂಳಿಗೂ ಒಂದು ಗೆರೆ ಎಳೆದು, ಉಳಿದ ದಿನಗಳನ್ನು ಆ ಗೆರೆಯಿಂದ ತುಂಬಿದ್ದರೆ ಆ ಅಳತೆಯೇ ಒಂದು ಅಂದಾಜು. ಹೂಳಿನ ಬಹುಪಾಲು ಹಳ್ಳ ತುಂಬಿ ಬರುವ ಕೆಲವೇ ಗಂಟೆಗಳಲ್ಲಿ ಹೋಗುತ್ತದೆ. ನೀರು ಏರುವಾಗಿನ ಕೆಸರು ಬೇರೆ, ಅದೇ ಮಟ್ಟಕ್ಕೆ ಇಳಿಯುವಾಗಿನ ಕೆಸರು ಬೇರೆ. ವಾರದ ಬಾಟಲಿಗೆ ಇದು ಸಿಗುವುದಿಲ್ಲ.

ಪ್ರಶ್ನೆ: ಎಲ್ಲ ಸರಿಯಾಗಿ ಮಾಡಿದರೆ ಒಂದು ಮಾಡೆಲ್ ಎಷ್ಟು ನಿಖರ ಇರಬಹುದು? ವರದಿಯಲ್ಲಿ ಇದನ್ನು ಹೇಗೆ ಬರೆಯಬೇಕು?

ಉತ್ತರ: ಇದಕ್ಕೆ ನೆಲವೇ ಒಂದು ಮಿತಿ ಹಾಕಿದೆ. 1981ರಲ್ಲಿ ಅಮೆರಿಕದ ಮಿಸೌರಿಯ ಕಿಂಗ್ಡಮ್ ಸಿಟಿಯಲ್ಲಿ ಒಂದೇ ತರಹದ 40 ತಾಕುಗಳನ್ನು ಒಂದೇ ತರಹ ಉತ್ತು, ಬೆಳೆ ಇಲ್ಲದೆ ಬಿಟ್ಟು, 25 ಮಳೆಗಳಲ್ಲಿ ಮಣ್ಣು ಎಷ್ಟು ಹೋಯಿತು ಅಂತ ಅಳೆದರು. ಮಣ್ಣು ಅದೇ, ಮಳೆ ಅದೇ. ಆದರೂ ತಾಕಿನಿಂದ ತಾಕಿಗೆ ಇದ್ದ ಏರುಪೇರಿನ ಗುಣಾಂಕ (ಸರಾಸರಿಗೆ ಹೋಲಿಸಿದರೆ ಅಳತೆಗಳು ಎಷ್ಟು ಚದುರಿವೆ ಅನ್ನುವ ಲೆಕ್ಕ) ಮಳೆಯಿಂದ ಮಳೆಗೆ ಶೇ 18ರಿಂದ 91ರವರೆಗೆ ಬಂತು. ಪಕ್ಕದ ತಾಕೇ ಇಷ್ಟು ಬೇರೆ ಹೇಳುವಾಗ ಮಾಡೆಲ್‌ನಿಂದ ದಶಮಾಂಶದವರೆಗೆ ಲೆಕ್ಕ ಕೇಳುವುದು ಅನ್ಯಾಯ. ಮಣ್ಣು ಕಡಿಮೆ ಹೋಗುವ ಮಳೆಗಳಲ್ಲಿ ಈ ಏರುಪೇರು ಜಾಸ್ತಿ, ಭಾರಿ ಮಳೆಗಳಲ್ಲಿ ಕಡಿಮೆ. ಮಾಡೆಲ್‌ಗಳು ಸಣ್ಣ ಸವಕಳಿಯನ್ನು ಹೆಚ್ಚು ಹೇಳುತ್ತವೆ, ದೊಡ್ಡದನ್ನು ಕಡಿಮೆ ಹೇಳುತ್ತವೆ ಅನ್ನುವ ಹಳೆಯ ದೂರಿಗೂ ಈ ಏರುಪೇರಿಗೂ ಸಂಬಂಧ ಇದೆ ಅಂತ ಮಾರ್ಕ್ ನಿಯರಿಂಗ್ 1998ರಲ್ಲಿ ತೋರಿಸಿದರು.

ಯುಎಸ್‌ಎಲ್‌ಇಯನ್ನೇ 208 ತಾಕುಗಳ ಅಳತೆಯ ಜೊತೆ ಹೋಲಿಸಿ 1993ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನ್ಯಾಶ್-ಸಟ್‌ಕ್ಲಿಫ್ ಅಂಕ ಒಂದೊಂದೇ ವರ್ಷಕ್ಕೆ 0.58, ಹಲವು ವರ್ಷಗಳ ಸರಾಸರಿಗೆ 0.75. ಅದರ ಹುಟ್ಟೂರಿನಲ್ಲಿ, ಅಂದರೆ ತಾಕಿನ ಮೇಲೆ, ಇಷ್ಟು. ಹಾಗಾಗಿ ಹೋದ ವರ್ಷ ಇಷ್ಟು ಟನ್ ಹೋಯಿತು ಅಂತ ಆ ಸೂತ್ರದಿಂದ ಹೇಳಬೇಡಿ. ಆರ್ ಕಟ್ಟುವಾಗಲೇ ವಿಶ್‌ಮಯರ್ 22 ವರ್ಷಗಳ ಮಳೆ ತೆಗೆದುಕೊಂಡಿದ್ದರು.

ವರದಿಗೆ ಬಂದರೆ, ಐದೂ ಅಂಶಗಳಿಗೆ ನಿಮ್ಮ ಅಂದಾಜಿನ ತಪ್ಪಿನ ಅಂಚು ಬರೆಯಿರಿ. ಆರ್‌ಗೆ ಶೇ 20, ಕೆಗೆ 15, ಎಲ್‌ಎಸ್‌ಗೆ 30, ಸಿಗೆ 40, ಪಿಗೆ 25 ಅಂತ ಇಟ್ಟುಕೊಳ್ಳಿ. ಇವು ಒಂದಕ್ಕೊಂದು ಸಂಬಂಧ ಇಲ್ಲದ ತಪ್ಪುಗಳಾದರೆ ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದಾಗ ಸುಮಾರು ಶೇ 61 ಬರುತ್ತದೆ. ತಪ್ಪುಗಳು ದೊಡ್ಡವಾದಾಗ ಈ ಅಡ್ಡದಾರಿ ಒರಟು ಲೆಕ್ಕವಷ್ಟೇ, ಅದಕ್ಕೆ ಸಾವಿರ ಸಲ ಬೇರೆ ಬೇರೆ ಬೆಲೆ ಹಾಕಿ ಓಡಿಸುವ ಮಾಂಟೆ ಕಾರ್ಲೊ ವಿಧಾನ ಒಳ್ಳೆಯದು. ಹೇಗೇ ಮಾಡಿ, 12.37 ಟನ್ ಅಂತ ಬರೆಯಬೇಡಿ. ಸುಮಾರು 12, ಆದರೆ 5ರಿಂದ 19ರ ಒಳಗೆ ಎಲ್ಲಾದರೂ ಇರಬಹುದು ಅಂತ ಬರೆಯಿರಿ.

ಆ ಸಾವಿರ ಓಟಗಳಿಂದ ಇನ್ನೊಂದು ನಕ್ಷೆಯನ್ನೂ ತೆಗೆಯಬಹುದು, ನನ್ನ ಪ್ರಕಾರ ಅದು ಮೊದಲ ನಕ್ಷೆಗಿಂತ ಉಪಯೋಗದ್ದು. ಪ್ರತಿ ಕಿರು ಪ್ರದೇಶ ಸಾವಿರದಲ್ಲಿ ಎಷ್ಟು ಸಲ ಅತಿ ಹೆಚ್ಚು ಸವಕಳಿಯ ಮೊದಲ ಹತ್ತರಲ್ಲಿ ಬಂತು ಅಂತ ಎಣಿಸಿ. ಮಳೆಯ ಲೆಕ್ಕ ಶೇ 20 ತಪ್ಪಿದರೂ ಅದು ಎಲ್ಲ ಕಡೆಗೂ ಒಂದೇ ಸಮ ತಪ್ಪಿದರೆ ಕ್ರಮ ಬದಲಾಗುವುದಿಲ್ಲ. ಸಿ ತಪ್ಪಿದರೆ ಬದಲಾಗುತ್ತದೆ. 900 ಸಲ ಬಂದ ಜಾಗಗಳಲ್ಲಿ ಕೆಲಸ ಶುರು ಮಾಡಬಹುದು, ಟನ್ ಎಷ್ಟೇ ಇರಲಿ. 400–500 ಸಲ ಬಂದ ಜಾಗಗಳ ಪಟ್ಟಿ ಮಾಡಿ ಕೈಯಲ್ಲಿ ಹಿಡಿದುಕೊಳ್ಳಿ, ಮೊದಲ ಜೋರು ಮಳೆಯ ಮಾರನೇ ದಿನ ಹೋಗಿ ನೋಡಬೇಕಾದದ್ದು ಅವನ್ನೇ.